ಗಾಯಕ್ಕೇ ಚುಚ್ಚಿದ ಆ ಇಂಜೆಕ್ಷನ್ ಯಾಕೆ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ತೂಕ 24 ಕೆ.ಜಿ. ಹೋದ ಭಾನುವಾರ ಬೀದಿನಾಯಿಯೊಂದು ಬಲಗೈಗೆ ಕಚ್ಚಿತು. ತೋರುಬೆರಳಿನ ಬುಡದಲ್ಲಿ ಎರಡು ಹಲ್ಲು ಇಳಿದು ರಕ್ತ ಬಂತು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತೋಳಿಗೆ ಲಸಿಕೆ ಹಾಕಿದರು. ಅದರ ಜೊತೆಗೆ ಗಾಯದ ಒಳಗೂ ಸುತ್ತಲೂ ನಾಲ್ಕೈದು ಕಡೆ ಇನ್ನೊಂದು ಔಷಧಿ ಚುಚ್ಚಿದರು. "ಇದು ರೆಡಿಮೇಡ್ ಪ್ರತಿಕಾಯ, ಕುದುರೆ ರಕ್ತದಿಂದ ತೆಗೆದದ್ದು" ಅಂದರು. ಮಗು ಚೀರಾಡಿಬಿಟ್ಟ. ಪಕ್ಕದ ಮನೆ ಹುಡುಗಿಗೆ ನಾಯಿ ಪರಚಿದಾಗ ಬರೀ ತೋಳಿಗೆ ಹಾಕಿ ಕಳಿಸಿದ್ದರು. ಲಸಿಕೆ ಹಾಕಿದ ಮೇಲೆ ಮೈಯಲ್ಲೇ ಪ್ರತಿಕಾಯ ಹುಟ್ಟುತ್ತದೆ ಅಲ್ವಾ, ಮತ್ತೆ ಹೊರಗಿನದ್ದು ಯಾಕೆ? ಕುದುರೆಯದ್ದು ಮನುಷ್ಯನ ಮೈಗೆ ಒಗ್ಗುತ್ತದಾ? ಇನ್ನೊಮ್ಮೆ ಕಚ್ಚಿದರೆ ಇದನ್ನೆಲ್ಲ ಮತ್ತೆ ಅನುಭವಿಸಬೇಕಾ? ನಮ್ಮತ್ತೆ ಬೇರೆ, ಮೂರು ತಿಂಗಳು ಪಥ್ಯ ಮಾಡಿಸು ಅನ್ನುತ್ತಿದ್ದಾರೆ.

ಉತ್ತರ: ಮೊದಲಿಗೇ ಹೇಳಿಬಿಡುತ್ತೇನೆ. ಆಸ್ಪತ್ರೆಯವರು ಮಾಡಬೇಕಾದ್ದನ್ನೇ ಮಾಡಿದ್ದಾರೆ. ಮಗು ಚೀರಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಬೆರಳಿನ ಬುಡದಲ್ಲಿ ಜಾಗ ಕಡಿಮೆ, ಚರ್ಮ ಬಿಗಿ. ಅಲ್ಲಿ ಔಷಧಿ ತುಂಬಿದರೆ ದೊಡ್ಡವರ ಕಣ್ಣಲ್ಲೂ ನೀರು ಬರುತ್ತದೆ. ಅದನ್ನು ಚುಚ್ಚುವ ಡಾಕ್ಟರಿಗೂ ಅದು ಸುಲಭದ ಕೆಲಸವಲ್ಲ. ಆದರೂ ಬಿಡುವ ಹಾಗಿಲ್ಲ. ಯಾಕೆ ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ.

ನಾಯಿಯ ಜೊಲ್ಲಿನಲ್ಲಿ ಬರುವ ರೇಬೀಸ್ ವೈರಸ್ ಕಚ್ಚಿದ ತಕ್ಷಣ ಮೆದುಳಿಗೆ ಓಡಿಬಿಡುವುದಿಲ್ಲ. ಸ್ವಲ್ಪ ಕಾಲ ಗಾಯದ ಅಕ್ಕಪಕ್ಕದ ಸ್ನಾಯುವಿನಲ್ಲೇ ಇರುತ್ತದೆ. ನರದ ತುದಿ ಸ್ನಾಯುವನ್ನು ಮುಟ್ಟುವ ಜಾಗ ಸಿಕ್ಕರೆ ಅಲ್ಲಿಂದ ನರದೊಳಗೆ ನುಗ್ಗುತ್ತದೆ. ಆಮೇಲೆ ನರದ ಒಳದಾರಿ ಹಿಡಿದು ದಿನಕ್ಕೆ ಕೆಲವು ಸೆಂಟಿಮೀಟರಿನಂತೆ ಬೆನ್ನುಹುರಿ, ಅಲ್ಲಿಂದ ಮೆದುಳು. ಕಚ್ಚಿದ ದಿನದಿಂದ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಆದರೆ ಒಂದೇ ವಾರದಲ್ಲಿ ಬಂದದ್ದೂ ಇದೆ, ವರ್ಷ ಹಿಡಿದದ್ದೂ ಇದೆ. ತಲೆ, ಮುಖ, ಕುತ್ತಿಗೆಗೆ ಕಚ್ಚಿದರೆ ದಾರಿ ಹತ್ತಿರ. ಬೆರಳುಗಳಲ್ಲಿ ನರದ ತುದಿಗಳು ಜಾಸ್ತಿ. ಅದಕ್ಕೇ ಕೈಗೆ ಕಚ್ಚಿದ್ದನ್ನು ಡಾಕ್ಟರುಗಳು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಪ್ರತಿಕಾಯದ ಪಾತ್ರ ಬರುವುದು ಇಲ್ಲಿ. ಪ್ರತಿಕಾಯ ಅಂದರೆ ಒಂದು ಪ್ರೋಟೀನು. ಮಕ್ಕಳು ಚಾಟರಬಿಲ್ಲು ಮಾಡಲು ಹುಡುಕುವ ಕವೆಕೋಲು ಇದೆಯಲ್ಲ, ಅದೇ ಆಕಾರ. ಉದ್ದ ಸುಮಾರು 10 ನ್ಯಾನೋಮೀಟರ್. ರೇಬೀಸ್ ವೈರಸ್ಸು ಬಂದೂಕಿನ ಗುಂಡಿನ ಆಕಾರದ್ದು, ಉದ್ದ ಸುಮಾರು 180 ನ್ಯಾನೋಮೀಟರ್. ಅದರ ಮೈತುಂಬ ಮುಳ್ಳಿನ ಹಾಗೆ ಒಂದು ಪ್ರೋಟೀನ್ ಇರುತ್ತದೆ. ಆ ಮುಳ್ಳಿನಿಂದಲೇ ಅದು ಜೀವಕೋಶದ ಬಾಗಿಲನ್ನು ಹಿಡಿದುಕೊಂಡು ಒಳಗೆ ಹೋಗುವುದು. ಪ್ರತಿಕಾಯದ ಎರಡು ಕವೆತುದಿಗಳು ಆ ಮುಳ್ಳನ್ನೇ ಕಚ್ಚಿಕೊಳ್ಳುತ್ತವೆ. ಮೈಯೆಲ್ಲ ಪ್ರತಿಕಾಯ ಅಂಟಿಕೊಂಡ ವೈರಸ್ಸಿಗೆ ಬಾಗಿಲು ಹಿಡಿಯಲು ಆಗುವುದಿಲ್ಲ. ಕವೆಕೋಲಿನ ಹಿಡಿಕೆಯ ಭಾಗಕ್ಕೂ ಕೆಲಸ ಇದೆ. ಅದು ಕಸ ತಿನ್ನುವ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಅವು ಬಂದು ವೈರಸ್ಸನ್ನು ನುಂಗಿ ಹಾಕುತ್ತವೆ.

ಒಂದೇ ಷರತ್ತು. ವೈರಸ್ ನರದ ಹೊರಗೆ ಇರುವಾಗಲೇ ಪ್ರತಿಕಾಯ ಅದನ್ನು ಮುಟ್ಟಬೇಕು. ನರದೊಳಗೆ ಸೇರಿದ ವೈರಸ್ ಅದರ ಕೈಗೆ ಸಿಗುವುದು ಬಹಳ ಕಷ್ಟ. ಮೆದುಳಿಗೆ ಹೋದ ಮೇಲಂತೂ ಮುಗಿದೇ ಹೋಯಿತು, ರಕ್ತದಲ್ಲಿರುವ ಪ್ರತಿಕಾಯಕ್ಕೆ ಮೆದುಳಿನೊಳಗೆ ಸುಲಭದ ದಾರಿ ಇಲ್ಲ. ನಾನು ಓದುತ್ತಿದ್ದ ದಿನಗಳಲ್ಲಿ ವಾರ್ಡಿಗೆ ಬಂದಿದ್ದ ಒಬ್ಬ ಹೊಲದ ಕೆಲಸದವರು ನೆನಪಾಗುತ್ತಾರೆ. ನಾಯಿಮರಿ ಕಚ್ಚಿ ಎರಡು ತಿಂಗಳಾಗಿತ್ತು. ಚಿಕ್ಕ ಗಾಯ ಅಂತ ಸುಣ್ಣ ಹಚ್ಚಿ ಬಿಟ್ಟಿದ್ದರು. ಫ್ಯಾನಿನ ಗಾಳಿ ಮುಖಕ್ಕೆ ತಾಗಿದರೆ ಗಂಟಲು ಬಿಗಿದು ಒದ್ದಾಡುತ್ತಿದ್ದರು. ನೀರಿನ ಲೋಟ ನೋಡಿದರೆ ಸಾಕು, ಮುಖ ತಿರುಗಿಸುತ್ತಿದ್ದರು. ಪೂರ್ತಿ ಎಚ್ಚರವಿತ್ತು. ಮನೆಯವರ ಹೆಸರು ಹಿಡಿದು ಮಾತಾಡುತ್ತಿದ್ದರು. ನಮ್ಮ ಕೈಯಲ್ಲಿ ಅವರಿಗೆ ಕೊಡಲು ಏನೂ ಇರಲಿಲ್ಲ, ನೋವು ಕಡಿಮೆ ಮಾಡುವುದನ್ನು ಬಿಟ್ಟು. ನಿಮ್ಮ ಮಗನಿಗೆ ಸಿಕ್ಕ ಆ ಇಂಜೆಕ್ಷನ್ ಅವರಿಗೆ ಎರಡು ತಿಂಗಳ ಹಿಂದೆ ಸಿಕ್ಕಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಲಸಿಕೆಯಿಂದ ಮೈಯಲ್ಲೇ ಪ್ರತಿಕಾಯ ಹುಟ್ಟುವುದಾದರೆ ಹೊರಗಿನದ್ದು ಯಾಕೆ?

ಹುಟ್ಟಲು ಸಮಯ ಬೇಕು, ಅಷ್ಟೇ ಕಾರಣ. ಮಗನ ತೋಳಿಗೆ ಹಾಕಿದ್ದು ಸತ್ತ ವೈರಸ್. ಅದರಿಂದ ಕಾಯಿಲೆ ಬರುವುದಿಲ್ಲ, ಆದರೆ ಅದರ ಮೇಲಿನ ಮುಳ್ಳು ಹಾಗೇ ಇರುತ್ತದೆ. ತೋಳಿನಲ್ಲಿ ಕಾವಲಿಗಿರುವ ಕೋಶಗಳು ಅದನ್ನು ಎತ್ತಿಕೊಂಡು ಕಂಕುಳಿನ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಒಯ್ಯುತ್ತವೆ. ಅಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಲಕ್ಷಗಟ್ಟಲೆ ಇವೆ. ಒಂದೊಂದು ಬಿ ಕೋಶಕ್ಕೂ ಒಂದೊಂದು ಬಗೆಯ ಹಿಡಿತ. ಸೋಜಿಗ ಏನು ಗೊತ್ತಾ? ಮನುಷ್ಯನಲ್ಲಿರುವ ಜೀನುಗಳು ಸುಮಾರು 20,000. ಆದರೆ ಮೈ ತಯಾರಿಸಬಲ್ಲ ಪ್ರತಿಕಾಯದ ಬಗೆಗಳು ಕೋಟ್ಯಂತರ. ಒಂದಿಷ್ಟು ಜೀನಿನ ತುಣುಕುಗಳನ್ನು ಇಸ್ಪೀಟಿನ ಹಾಗೆ ಕಲಸಿ, ಒಂದೊಂದು ಕೋಶವೂ ಬೇರೆ ಬೇರೆ ಜೋಡಣೆ ಮಾಡಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ಜಪಾನಿನ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ನಿಮ್ಮ ಮಗ ಇದುವರೆಗೆ ರೇಬೀಸ್ ವೈರಸ್ ಕಂಡೇ ಇಲ್ಲ. ಆದರೂ ಅದಕ್ಕೆ ಹೊಂದುವ ಬಿ ಕೋಶಗಳು ಒಂದಷ್ಟು ಅವನ ಮೈಯಲ್ಲಿ ಮೊದಲಿನಿಂದಲೂ ಇವೆ.

ಆ ಕೆಲವನ್ನು ಹುಡುಕಿ, ಎಬ್ಬಿಸಿ, ಸಾವಿರ ಲಕ್ಷವಾಗಿ ಬೆಳೆಸಬೇಕು. ಒಂದು ಕೋಶ ಎರಡಾಗಬೇಕು, ಎರಡು ನಾಲ್ಕಾಗಬೇಕು. ಮೊದಲು ಬರುವುದು ಐಜಿಎಂ ಅನ್ನುವ ಒರಟು ಪ್ರತಿಕಾಯ. ಐದು ಕವೆಕೋಲು ಒಟ್ಟಿಗೆ ಕಟ್ಟಿದ ಹಾಗಿರುತ್ತದೆ, ಹತ್ತು ಕೈ. ಒಂದೊಂದು ಕೈಯ ಹಿಡಿತ ಅಷ್ಟು ಗಟ್ಟಿಯಲ್ಲ, ಹತ್ತು ಕೈ ಇರುವುದರಿಂದ ನಿಭಾಯಿಸುತ್ತದೆ. ಆಮೇಲೆ ಗ್ರಂಥಿಯೊಳಗೆ ಕೋಶಗಳು ತಮ್ಮ ಹಿಡಿತವನ್ನು ತಿದ್ದಿಕೊಳ್ಳುತ್ತ ಹೋಗುತ್ತವೆ. ಚೆನ್ನಾಗಿ ಹಿಡಿಯುವವು ಉಳಿಯುತ್ತವೆ, ಹಿಡಿಯದವು ಸಾಯುತ್ತವೆ. ಹೀಗೆ ಬರುವುದು ಐಜಿಜಿ. ಅದೇ ನಿಜವಾದ ಕಾವಲು. ಬಿ ಕೋಶ ಪೂರ್ತಿ ಬಲಿತರೆ ಅದನ್ನು ಪ್ಲಾಸ್ಮಾ ಕೋಶ ಅನ್ನುತ್ತಾರೆ, ಅಂಥ ಒಂದು ಕೋಶ ಸೆಕೆಂಡಿಗೆ ಸಾವಿರಾರು ಪ್ರತಿಕಾಯ ಸುರಿಯುತ್ತದೆ. ಆದರೆ ಆ ಹಂತ ಮುಟ್ಟಲು 7ರಿಂದ 14 ದಿನ ಬೇಕೇ ಬೇಕು. ಎಷ್ಟು ಒಳ್ಳೆಯ ಲಸಿಕೆ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ಆ ಎರಡು ವಾರ ಗಾಯದಲ್ಲಿರುವ ವೈರಸ್ ಸುಮ್ನೆ ಕೂತಿರುತ್ತದೆ ಅಂತ ನಂಬುವ ಹಾಗಿಲ್ಲ ಅಲ್ವಾ? ಅದಕ್ಕೇ ಕೈಗಡ. ಕುದುರೆಯ ಮೈ ಈಗಾಗಲೇ ದುಡಿದು ತಯಾರಿಸಿಟ್ಟ ಪ್ರತಿಕಾಯವನ್ನು ಗಾಯದಲ್ಲಿ, ವೈರಸ್ ಎಲ್ಲಿ ಬಿದ್ದಿದೆಯೋ ಅಲ್ಲಿಯೇ ತುಂಬುವುದು. ಹಲ್ಲು ಎಷ್ಟು ಆಳ ಹೋಗಿದೆಯೋ ಅಷ್ಟು ಆಳಕ್ಕೆ. ಸೊಂಟಕ್ಕೆ ಚುಚ್ಚಿದರೆ ಅದು ಇಡೀ ಮೈಗೆ ಹಂಚಿಹೋಗಿ, ಬೆರಳಿನ ಬುಡಕ್ಕೆ ತಲುಪುವುದು ತೀರಾ ಸ್ವಲ್ಪ. ಮಗುವಿಗೆ ನೋವಾಗುತ್ತದೆ ಅಂತ ಸೊಂಟಕ್ಕೆ ಹಾಕಿ ಕಳಿಸಿದರೆ ಅದು ಕರುಣೆಯಲ್ಲ.

ಈ ಕೈಗಡದ ಬೆಲೆ ಎಷ್ಟು ಅಂತ ತೋರಿಸಿದ್ದು ಇರಾನಿನಲ್ಲಿ 1954ರಲ್ಲಿ ನಡೆದ ಒಂದು ಘಟನೆ. ಹುಚ್ಚು ಹಿಡಿದ ಒಂದೇ ತೋಳ ಹಳ್ಳಿಯ ಹಲವು ಮಂದಿಯನ್ನು ಕಚ್ಚಿತು. ಅವರಲ್ಲಿ 18 ಜನರಿಗೆ ತಲೆಗೇ ಗಾಯ. ಟೆಹರಾನಿನ ಪಾಶ್ಚರ್ ಸಂಸ್ಥೆಯಲ್ಲಿ ಚಿಕಿತ್ಸೆ ನಡೆಯಿತು. ತಲೆಗೆ ಗಾಯವಾದವರಲ್ಲಿ 5 ಜನರಿಗೆ ಬರೀ ಲಸಿಕೆ ಸಿಕ್ಕಿತು, 13 ಜನರಿಗೆ ಲಸಿಕೆಯ ಜೊತೆಗೆ ಪ್ರತಿಕಾಯದ ಸೀರಂ (ರಕ್ತದ ತಿಳಿ) ಕೂಡ. ಬರೀ ಲಸಿಕೆ ಪಡೆದ 5 ಜನರಲ್ಲಿ 3 ಜನ ಸತ್ತರು. ಎರಡೂ ಪಡೆದ 13 ಜನರಲ್ಲಿ ಸತ್ತದ್ದು ಒಬ್ಬರು. ಕಚ್ಚಿದ್ದು ಅದೇ ತೋಳ, ಗಾಯವೂ ಅಂಥದ್ದೇ. ಆಳದ ಗಾಯಕ್ಕೆ ಎರಡೂ ಬೇಕು ಅನ್ನುವುದು ಆಮೇಲೆ ಜಗತ್ತಿಗೇ ನಿಯಮವಾಯಿತು. ನಿಮ್ಮ ಮಗನ ಬೆರಳಿಗೆ ಚುಚ್ಚಿದ ಸೂಜಿಯ ಹಿಂದೆ ಆ ಹಳ್ಳಿಯವರ ಸಂಕಟವಿದೆ.

ಕುದುರೆಯ ವಿಷಯಕ್ಕೆ ಬರೋಣ. ಒಂದು ಪ್ರಾಣಿಯ ರಕ್ತದಲ್ಲಿ ಹುಟ್ಟಿದ ರಕ್ಷಣೆಯನ್ನು ಇನ್ನೊಂದಕ್ಕೆ ದಾಟಿಸಬಹುದು ಅಂತ 1890ರಲ್ಲಿ ಬರ್ಲಿನ್ನಿನಲ್ಲಿ ತೋರಿಸಿದವರು ಎಮಿಲ್ ಫಾನ್ ಬೇರಿಂಗ್ ಮತ್ತು ಕಿತಾಸಾತೊ ಶಿಬಾಸಾಬುರೊ. ಅವರು ಕೆಲಸ ಮಾಡಿದ್ದು ಗಂಟಲಮಾರಿ ಮತ್ತು ಧನುರ್ವಾಯುವಿನ ಮೇಲೆ. ವೈದ್ಯಕೀಯದ ಮೊಟ್ಟಮೊದಲ ನೊಬೆಲ್, 1901ರದ್ದು, ಬೇರಿಂಗ್ ಅವರಿಗೆ ಬಂತು. ಕುದುರೆ ದೊಡ್ಡ ಪ್ರಾಣಿ, ಸಾಧು ಸ್ವಭಾವ, ಜೀವಕ್ಕೆ ತೊಂದರೆಯಾಗದಂತೆ ಸಾಕಷ್ಟು ರಕ್ತ ತೆಗೆಯಬಹುದು. ಅದಕ್ಕೆ ರೇಬೀಸ್ ಲಸಿಕೆಯನ್ನು ಮತ್ತೆ ಮತ್ತೆ ಹಾಕುತ್ತಾರೆ. ಅದರ ರಕ್ತದಲ್ಲಿ ಪ್ರತಿಕಾಯ ಏರಿದ ಮೇಲೆ ತೆಗೆದು ಶುದ್ಧ ಮಾಡುತ್ತಾರೆ. ಹಾವು ಕಚ್ಚಿದಾಗ ಡ್ರಿಪ್ಪಿನಲ್ಲಿ ಹಾಕುವ ಔಷಧಿಯೂ ಇದೇ ದಾರಿಯಲ್ಲಿ ಬಂದದ್ದು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು ಪಡೆದ ಪ್ರತಿಕಾಯ ಅದು.

ಒಗ್ಗುತ್ತದಾ ಅಂತ ಕೇಳಿದ್ದೀರಿ. ಹಿಂದೆ ತೊಂದರೆ ಜಾಸ್ತಿ ಇತ್ತು. ನಮ್ಮ ಮೈ ಕುದುರೆಯ ಪ್ರೋಟೀನನ್ನೇ ಪರಕೀಯ ಅಂತ ತಿಳಿದು ಅದರ ವಿರುದ್ಧವೇ ಪ್ರತಿಕಾಯ ತಯಾರಿಸುತ್ತಿತ್ತು. ಆ ಜಗಳಕ್ಕೆ ಮುಖ್ಯ ಕಾರಣ ಕವೆಕೋಲಿನ ಹಿಡಿಕೆ. ಹಾಗಾಗಿ ಈಗ ಪೆಪ್ಸಿನ್ ಅನ್ನುವ ಕಿಣ್ವದಿಂದ ಹಿಡಿಕೆಯನ್ನು ಕತ್ತರಿಸಿ, ಬರೀ ಕವೆಯ ಭಾಗ ಇಟ್ಟುಕೊಳ್ಳುತ್ತಾರೆ. ವೈರಸ್ಸನ್ನು ಹಿಡಿದುಕೊಳ್ಳಲು ಅಷ್ಟು ಸಾಕು. ತಕ್ಷಣದ ಅಲರ್ಜಿ ಈಗ ಅಪರೂಪ. ಆದರೂ ಇಂಜೆಕ್ಷನ್ ಆದ ಮೇಲೆ ಸ್ವಲ್ಪ ಹೊತ್ತು ಆಸ್ಪತ್ರೆಯಲ್ಲೇ ಕೂರಿಸುವುದು ಅದಕ್ಕೇ. ಒಂದನ್ನು ಮಾತ್ರ ಗಮನಿಸಿ. ಒಂದೆರಡು ವಾರದೊಳಗೆ ಜ್ವರ, ಮೈಮೇಲೆ ದದ್ದು, ಕೀಲುನೋವು ಬಂದರೆ ಡಾಕ್ಟರಿಗೆ ತೋರಿಸಿ, ಕುದುರೆ ಸೀರಂ ಹಾಕಿದ್ದನ್ನು ತಪ್ಪದೆ ಹೇಳಿ. ಸಾಮಾನ್ಯವಾಗಿ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಅದಕ್ಕೆ ಹೆದರಿ ಉಳಿದ ಲಸಿಕೆ ನಿಲ್ಲಿಸಬೇಡಿ.

ಕುದುರೆಯನ್ನು ಬಿಟ್ಟು ಬೇರೆ ದಾರಿಯೂ ಇದೆ. ಲಸಿಕೆ ಹಾಕಿಸಿಕೊಂಡ ಮನುಷ್ಯರ ರಕ್ತದಿಂದ ತೆಗೆದ ಪ್ರತಿಕಾಯ ಒಂದು, ದುಬಾರಿ. ಪ್ರಯೋಗಾಲಯದಲ್ಲಿ ಕೋಶ ಬೆಳೆಸಿ ಪಡೆಯುವ ಮೊನೊಕ್ಲೋನಲ್ ಪ್ರತಿಕಾಯ ಇನ್ನೊಂದು. ಈ ವಿದ್ಯೆಯನ್ನು 1975ರಲ್ಲಿ ಕೊಟ್ಟವರು ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್. ರೇಬೀಸ್‌ಗೆ ಅಂಥ ಎರಡು ಔಷಧಿಗಳು ನಮ್ಮ ದೇಶದಲ್ಲೇ ತಯಾರಾಗುತ್ತಿವೆ, ರಾಬಿಶೀಲ್ಡ್ ಮತ್ತು ಟ್ವಿನ್‌ರಾಬ್. ಎರಡನೆಯದರಲ್ಲಿ ಎರಡು ಬೇರೆ ಬೇರೆ ಪ್ರತಿಕಾಯಗಳಿವೆ. ವೈರಸ್ ಒಂದು ಕಡೆ ತನ್ನ ಆಕಾರ ಬದಲಿಸಿದರೂ ಇನ್ನೊಂದು ಕಡೆ ಹಿಡಿತ ಸಿಗಲಿ ಅಂತ. ಮುಂದೊಂದು ದಿನ ಇಂಥವು ಎಲ್ಲ ಹಳ್ಳಿ ಆಸ್ಪತ್ರೆಗಳಲ್ಲೂ ಸಿಗಲಿ ಅನ್ನುವುದು ನನ್ನ ಆಸೆ. ಆದರೆ ಇವತ್ತು ಕೈಗೆ ಸಿಕ್ಕ ಕುದುರೆಯ ಪ್ರತಿಕಾಯ, ನಾಳೆ ಸಿಗಬಹುದಾದ ಬೇರೆಯದಕ್ಕಿಂತ ಸಾವಿರ ಪಾಲು ಮೇಲು.

ಲೆಕ್ಕವನ್ನೂ ಹೇಳುತ್ತೇನೆ. ಕುದುರೆಯದ್ದಾದರೆ ಕೆ.ಜಿ.ಗೆ 40 ಯೂನಿಟ್, ಮನುಷ್ಯರದ್ದಾದರೆ 20 ಯೂನಿಟ್, ಇದು ಗರಿಷ್ಠ ಮಿತಿ. ನಿಮ್ಮ ಮಗನ 24 ಕೆ.ಜಿ.ಗೆ 960 ಯೂನಿಟ್. ಮಿಲಿಲೀಟರಿಗೆ 300 ಯೂನಿಟ್ ಇರುವ ಸೀಸೆಯಾದರೆ 3 ಮಿ.ಲೀ.ಗಿಂತ ಚೂರು ಹೆಚ್ಚು. ಚಿಕ್ಕ ಬೆರಳಿಗೆ ಅಷ್ಟೂ ಹಿಡಿಯುವುದಿಲ್ಲ. ಹಿಡಿಯುವಷ್ಟು ಮಾತ್ರ ಹಾಕುತ್ತಾರೆ, ಬೆರಳು ಬಿಳುಚಿಕೊಳ್ಳುವ ಹಾಗೆ ಒತ್ತಿ ತುಂಬಬಾರದು. ಮೈಮೇಲೆ ಹತ್ತಾರು ಗಾಯ ಇದ್ದು ಔಷಧಿ ಸಾಲದಿದ್ದರೆ ಸಲೈನ್ ಬೆರೆಸಿ ಎಲ್ಲ ಗಾಯಕ್ಕೂ ಹಂಚುತ್ತಾರೆ.

ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಅಲ್ಲ. ಕೈಗಡ ಜಾಸ್ತಿಯಾದರೆ ಮೈ ದುಡಿಯುವುದನ್ನೇ ಕಡಿಮೆ ಮಾಡುತ್ತದೆ. ಹೊರಗಿನ ಪ್ರತಿಕಾಯ ಲಸಿಕೆಯ ಮುಳ್ಳನ್ನೂ ಮುಚ್ಚಿಬಿಟ್ಟರೆ ಬಿ ಕೋಶಗಳ ಕಣ್ಣಿಗೆ ಅದು ಬೀಳುವುದಿಲ್ಲ. ಅದಕ್ಕೇ ಲಸಿಕೆ ಒಂದು ಕಡೆ, ಪ್ರತಿಕಾಯ ಇನ್ನೊಂದು ಕಡೆ, ಸಿರಿಂಜೂ ಬೇರೆ. ಪ್ರತಿಕಾಯದ ಕೈಗಡ ನಿಮಗೆ ಹೊಸದೇನಲ್ಲ. ನಿಮ್ಮ ಮಗನಿಗೆ ಸಿಕ್ಕ ಮೊದಲ ಕೈಗಡ ನಿಮ್ಮದೇ. ಹೊಟ್ಟೆಯಲ್ಲಿದ್ದಾಗ ನಿಮ್ಮ ಐಜಿಜಿ ಮಾಸದ ಮೂಲಕ ಅವನಿಗೆ ಹೋಗಿದೆ. ಗಿಣ್ಣುಹಾಲಿನಲ್ಲಿ ಇನ್ನೊಂದು ಬಗೆಯ ಪ್ರತಿಕಾಯ ಕೊಟ್ಟಿದ್ದೀರಿ. ದಡಾರದ ಲಸಿಕೆಯನ್ನು ಹುಟ್ಟಿದ ಕೂಡಲೇ ಹಾಕದೆ 9 ತಿಂಗಳವರೆಗೆ ಕಾಯುತ್ತಾರಲ್ಲ, ಅಮ್ಮನ ಪ್ರತಿಕಾಯ ಅಷ್ಟರಲ್ಲಿ ಕರಗಿ ಲಸಿಕೆಗೆ ಜಾಗ ಬಿಡಲಿ ಅಂತ. ಮನುಷ್ಯನ ಐಜಿಜಿ ಸುಮಾರು ಮೂರು ವಾರಕ್ಕೆ ಅರ್ಧವಾಗುತ್ತ ಹೋಗುತ್ತದೆ. ಹಿಡಿಕೆ ಕತ್ತರಿಸಿದ ಕುದುರೆಯದ್ದು ಇನ್ನೂ ಬೇಗ ಖಾಲಿ. ಎರಡು ವಾರ ಅದು ಕಾವಲು ಕಾದರೆ ಸಾಕು ನಮಗೆ.

ಇದರಿಂದಲೇ ಇನ್ನೊಂದು ನಿಯಮ. ಮೊದಲ ದಿನ ಈ ಪ್ರತಿಕಾಯ ಸಿಗದಿದ್ದರೆ, ಮೊದಲ ಲಸಿಕೆಯ 7ನೇ ದಿನದವರೆಗೂ ಹಾಕಿಸಬಹುದು. ಆಮೇಲೆ ಬೇಡ. ಅಷ್ಟರಲ್ಲಿ ಸ್ವಂತದ್ದು ಬರಲು ಶುರುವಾಗಿರುತ್ತದೆ.

ಪಕ್ಕದ ಮನೆ ಹುಡುಗಿಗೆ ರಕ್ತ ಬಾರದ ಹಾಗೆ ಬರೀ ಪರಚಿದ್ದರೆ ಲಸಿಕೆ ಒಂದೇ ಸಾಕು. ಅದನ್ನು ಎರಡನೇ ವರ್ಗದ ಗಾಯ ಅನ್ನುತ್ತಾರೆ. ಚರ್ಮ ಸೀಳಿ ರಕ್ತ ಬಂದರೆ, ಅಥವಾ ಹಸಿ ಗಾಯದ ಮೇಲೆ, ಬಾಯಿ ಕಣ್ಣಿನ ಒಳಪದರದ ಮೇಲೆ ಜೊಲ್ಲು ಬಿದ್ದರೆ ಮೂರನೇ ವರ್ಗ. ಅದಕ್ಕೆ ಎರಡೂ ಬೇಕು. ಆ ಹುಡುಗಿಗೆ ಪರಚಿದಾಗ ರಕ್ತ ಬಂದಿತ್ತಾ ಅಂತ ಒಂದು ಮಾತು ಕೇಳಿ. ಬಂದಿದ್ದು, ಮೊದಲ ಲಸಿಕೆಯಾಗಿ ವಾರ ದಾಟಿಲ್ಲದಿದ್ದರೆ, ಆಸ್ಪತ್ರೆಗೆ ಮತ್ತೆ ಹೋಗಿ ವಿಚಾರಿಸಲಿ.

ಇನ್ನೊಮ್ಮೆ ಕಚ್ಚಿದರೆ? ಈ ಬಾರಿಯ ಲಸಿಕೆಗಳನ್ನು ಪೂರ್ತಿ ಮಾಡಿದರೆ ಗಾಯಕ್ಕೆ ಚುಚ್ಚುವ ಇಂಜೆಕ್ಷನ್ ಮುಂದೆ ಬೇಕಾಗುವುದಿಲ್ಲ. ಇದು ನಿಮಗೆ ನಾನು ಹೇಳಬಹುದಾದ ಅತಿ ಒಳ್ಳೆಯ ಸುದ್ದಿ. ಅವನ ಮೈಯಲ್ಲಿ ನೆನಪಿನ ಕೋಶಗಳು ಉಳಿದಿರುತ್ತವೆ. ಕೆಲವು ಪ್ಲಾಸ್ಮಾ ಕೋಶಗಳು ಮೂಳೆಯ ಮಜ್ಜೆಯಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಮುಂದೆ ಕಚ್ಚಿದರೆ ಗಾಯ ತೊಳೆದು, ಅವತ್ತು ಒಂದು ಮತ್ತು 3ನೇ ದಿನ ಒಂದು ಲಸಿಕೆ, ಅಷ್ಟೇ. ನೆನಪಿನ ಕೋಶಗಳು ಕೆಲವೇ ದಿನಗಳಲ್ಲಿ ಎದ್ದು ನಿಲ್ಲುತ್ತವೆ. ಆದರೆ ಕಾರ್ಡ್ ತೋರಿಸಿದರೆ ಮಾತ್ರ ಡಾಕ್ಟರು ನಂಬಲು ಸಾಧ್ಯ. ಅದನ್ನು ರೇಷನ್ ಕಾರ್ಡಿನ ಜೊತೆ ಇಡಿ, ಮೊಬೈಲಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ.

ಪ್ರತಿಕಾಯ ಸಾಕಷ್ಟು ಬಂದಿದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಬೇಕಾ ಅಂತ ಎಷ್ಟೋ ಜನ ಕೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಪರೀಕ್ಷೆ ಇದೆ. ಮಿಲಿಲೀಟರಿಗೆ 0.5 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿ. ಆರೋಗ್ಯವಾಗಿರುವ ಮಗುವಿಗೆ ಅದು ಬೇಡ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು, ಇಂಥವರ ಮೈ ಪ್ರತಿಕಾಯ ತಯಾರಿಸುವುದರಲ್ಲಿ ಹಿಂದೆ ಬೀಳಬಹುದು. ಅವರಿಗೆ ಉಪಯೋಗ.

ಅತ್ತೆಯವರ ಪಥ್ಯದ ಮಾತು. ಅವರ ಕಾಳಜಿ ನಿಜವಾದದ್ದು, ಅವರ ಕಾಲದ ಅನುಭವವೇ ಬೇರೆ. ಆಗ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಹಾಕುತ್ತಿದ್ದರು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆ ಅದು, ಕುರಿಯ ಮೆದುಳಿನಲ್ಲಿ ವೈರಸ್ ಬೆಳೆಸಿ ಮಾಡುತ್ತಿದ್ದರು. ಅದರೊಳಗೆ ಕುರಿಯ ನರದ ಪದಾರ್ಥವೂ ಇರುತ್ತಿತ್ತು. ಕೆಲವರ ರೋಗನಿರೋಧಕ ವ್ಯವಸ್ಥೆ ಅದರ ವಿರುದ್ಧ ಎದ್ದು, ತಮ್ಮದೇ ನರ ಮತ್ತು ಮೆದುಳಿನ ಮೇಲೆ ಬಿದ್ದು ಲಕ್ವ ಬರಿಸಿದ್ದೂ ಉಂಟು. ಜನ ಹೆದರಿದ್ದರಲ್ಲಿ ತಪ್ಪಿಲ್ಲ. ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತುಹೋಯಿತು. ಈಗಿನದ್ದನ್ನು ಪ್ರಯೋಗಾಲಯದ ಕೋಶಗಳಲ್ಲಿ ಬೆಳೆಸುತ್ತಾರೆ, ನರದ ಪದಾರ್ಥ ಇಲ್ಲ. ಮೊಟ್ಟೆ, ಮೀನು, ಮಾಂಸ, ಬದನೆಕಾಯಿ ಯಾವುದನ್ನೂ ಬಿಡಬೇಕಿಲ್ಲ. ಪ್ರತಿಕಾಯ ಪ್ರೋಟೀನು ಅಂತ ಹೇಳಿದೆನಲ್ಲ, ಬೆಳೆಯುವ ಹುಡುಗನ ಊಟ ಕಡಿಮೆ ಮಾಡುವುದು ಬೇಡವೇ ಬೇಡ. ಗಾಯಕ್ಕೆ ಅರಿಸಿನ, ಖಾರದಪುಡಿ, ಸುಣ್ಣ ಮಾತ್ರ ಹಚ್ಚಲು ಬಿಡಬೇಡಿ. ಯಾರಿಗೇ ಕಚ್ಚಿದರೂ ಮೊದಲ ಔಷಧಿ ಸೋಪು ಮತ್ತು ಹರಿಯುವ ನೀರು, ಗಡಿಯಾರ ನೋಡಿಕೊಂಡು 15 ನಿಮಿಷ.

ಇನ್ನು ತಾರೀಖು. ಸ್ನಾಯುವಿಗೆ ಹಾಕುವ ಲಸಿಕೆಯಾದರೆ 0 (ಅಂದರೆ ಮೊದಲ ಲಸಿಕೆಯ ದಿನ), 3, 7, 14 ಮತ್ತು 28ನೇ ದಿನ. ಎರಡೂ ತೋಳಿನ ಚರ್ಮದಲ್ಲಿ ಚೂರು ಚೂರು ಹಾಕುವುದಾದರೆ 0, 3, 7 ಮತ್ತು 28. ನಿಮ್ಮದು ಯಾವುದು ಅಂತ ಕಾರ್ಡಿನಲ್ಲಿ ಬರೆದಿರುತ್ತಾರೆ. ಮೊದಲನೆಯದು ಭಾನುವಾರ ಆಗಿರುವುದರಿಂದ 7, 14, 28 ಎಲ್ಲವೂ ಭಾನುವಾರವೇ ಬೀಳುತ್ತವೆ. ಅವತ್ತು ಎಲ್ಲಿ, ಎಷ್ಟು ಗಂಟೆಗೆ ಹಾಕುತ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. 28ನೇ ದಿನದ್ದು ಮರೆತು ಬಿಡುವವರು ಬಹಳ ಜನ. ಅಷ್ಟು ಹೊತ್ತಿಗೆ ಗಾಯ ಮಾಯ್ದು, ಹುಡುಗ ಮತ್ತೆ ಬೀದಿಯಲ್ಲಿ ಆಡುತ್ತಿರುತ್ತಾನೆ. ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಸಿ, ಅವನ ಕೈಯಲ್ಲೇ.